ಮಣ್ಣು ಹಾಕದ ಕೈ

ಹಣ್ಣಿಗೆ ಬಿಳಿ ಬಟ್ಟೆ ಸುತ್ತಿದ್ದರು. ತೋಳುದ್ದದ ಯಾಗೊ ಹಣ್ಣು, ಬೆಳಿಗ್ಗೆಯಷ್ಟೇ ಮರದಿಂದ ಇಳಿಸಿದ್ದು. ಇಬ್ಬರು ಅದನ್ನು ಮಗುವನ್ನು ಎತ್ತಿಕೊಂಡಂತೆ ಹಿಡಿದು ಗುಂಡಿಗೆ ಇಳಿಸಿದರು.

"ಒಬುಯಾ, ನೀರು ನಿನ್ನನ್ನ ವಾಪಸ್ ಕೊಡಲಿಲ್ಲ," ಎಂದರು ಕುಲದ ಹಿರಿಯರು. "ಇದೇ ನಿನ್ನ ಮೈ ಅಂತ ತಿಳ್ಕೊ. ಮನೆಗೆ ಬಂದಿದ್ದೀಯ. ಮಲಕ್ಕೊ. ಯಾರನ್ನೂ ಕಾಡಬೇಡ."

ಹನ್ನೊಂದು ದಿನದ ಹಿಂದೆ ಒಬುಯಾನ ದೋಣಿ ಸರೋವರದಲ್ಲಿ ಮಗುಚಿ ತೇಲುತ್ತ ಸಿಕ್ಕಿತ್ತು, ಒಬುಯಾ ಸಿಕ್ಕಿರಲಿಲ್ಲ. ನೀರಿಗೆ ಹೋದವನ ಹೆಣ ಸಿಗದಿದ್ದರೆ ನಾವು ಲುವೊ ಜನ ಅವನ ಬದಲಿಗೆ ಯಾಗೊ ಹಣ್ಣು ಹೂಳುತ್ತೇವೆ. ಸರಿಯೇ. ಆದರೆ ಹನ್ನೊಂದೇ ದಿನಕ್ಕೆ? ನನ್ನ ಅಜ್ಜಿ ತನ್ನ ತಮ್ಮನಿಗಾಗಿ ಎರಡು ಮಳೆಗಾಲ ದಡದಲ್ಲಿ ಕೂತು ಕಾದಿದ್ದಳು. ಇಲ್ಲಿ ಯಾರಿಗೆ ಇಷ್ಟು ಅವಸರ ಬಿದ್ದಿತ್ತು? ಈ ಪ್ರಶ್ನೆ ಬೆಳಗಿನಿಂದ ನನ್ನ ತಲೆ ತಿನ್ನುತ್ತಿತ್ತು, ಹಾಗಾಗಿ ನಾನು ಪ್ರಾರ್ಥನೆ ಕೇಳದೆ ಕೈಗಳನ್ನು ನೋಡುತ್ತ ನಿಂತೆ.

ಸರ್ವೆ ಇಲಾಖೆಯಲ್ಲಿ ಹದಿನಾಲ್ಕು ವರ್ಷ ಟೇಪು ಹಿಡಿದು ಕಲಿತ ಬುದ್ಧಿ ಅದು. ಬಾಂದುಕಲ್ಲು ಕಿತ್ತು ನೆಡುವವನು ಮಾತಿನಲ್ಲಿ ಎಂದೂ ಸಿಕ್ಕಿಬೀಳುವುದಿಲ್ಲ. ಅವನ ಬಾಯಿ ಬೆಣ್ಣೆ. ಕೈ ನೋಡಬೇಕು.

ಸಾಲಾಗಿ ಬಂದು ಎಲ್ಲರೂ ಹಿಡಿ ಹಿಡಿ ಮಣ್ಣು ಹಾಕಿದರು. ತಲೆ ಬೋಳಿಸಿಕೊಂಡಿದ್ದ ಅಕುಮು, ಒಬುಯಾನ ಹೆಂಡತಿ, ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು, ಎರಡೂ ಕೈ ತುಂಬ ಹಾಕಿದಳು. ಅವಳ ಹಿಂದೆ ಒಸೇವೆ ಬಂದ. ಒಬುಯಾನ ಸ್ವಂತ ಅಣ್ಣ.

ಒಸೇವೆ ಬಗ್ಗಿದ, ಹಿಡಿ ಮಣ್ಣು ತೆಗೆದ, ಗುಂಡಿಯ ಮೇಲೆ ಕೈ ಚಾಚಿದ. ಮುಷ್ಟಿ ಬಿಚ್ಚಲಿಲ್ಲ. ಆ ಕೈ ಸುಮ್ಮನೆ ಹಿಂದೆ ಬಂದು ಕಪ್ಪು ಕೋಟಿನ ಜೇಬಿಗೆ ಹೋಯಿತು. ಹೊರಗೆ ಬಂದಾಗ ಖಾಲಿಯಾಗಿತ್ತು. ಅವನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಪಕ್ಕಕ್ಕೆ ಸರಿದ.

ಬೇರೆ ಯಾರೂ ಗಮನಿಸಲಿಲ್ಲ.

* * *

ಒಳಗೆ ಅಕುಮು ಗೋಡೆಗೆ ಒರಗಿ ಕೂತಿದ್ದಳು. ಮುಂದೆ ಇಟ್ಟಿದ್ದ ಜೋಳದ ಮುದ್ದೆ, ಮೀನು ಹಾಗೇ ಆರುತ್ತಿತ್ತು. ಬಾಗಿಲಲ್ಲಿ ಗಂಡನ ಕಡೆಯ ಮುದುಕಿಯೊಬ್ಬಳು ಕಾಲು ಚಾಚಿ ಕಾವಲು ಕೂತಂತೆ ಕೂತಿದ್ದಳು.

"ಸೋಮವಾರ ಕೋರ್ಟಿದೆ, ಅಜ್ವಾಂಗ್," ಎಂದಳು ಅಕುಮು.

"ಗೊತ್ತು."

"ಅವರಿಲ್ಲದಿದ್ರೆ ನಾನು ಹೋಗಿ ನಿಲ್ತೀನಿ ಅಂದಿದ್ದೆ. ನಿನ್ನೆವರೆಗೂ ಹೋಗಬಹುದಿತ್ತು. ನಿನ್ನೆವರೆಗೂ ನಾನು ಗಂಡ ಕಾಣೆಯಾದ ಹೆಂಗಸು. ಈಗ?"

"ಈಗ ವಿಧವೆ," ಎಂದಳು ಮುದುಕಿ ಬಾಗಿಲಿಂದಲೇ. "ಗಂಡನಿಗೆ ಮಣ್ಣು ಹಾಕಿದ ಹೆಣ್ಣು ಶುದ್ಧಿ ಆಗೋ ತನಕ ಬೇಲಿ ದಾಟೋ ಹಾಗಿಲ್ಲ. ಕೋರ್ಟಂತೆ ಕೋರ್ಟು! ಮೈಲಿಗೆ ಹೊತ್ತುಕೊಂಡು ಊರೂರು ತಿರುಗ್ತೀಯೇನೇ?"

"ಅಜ್ಜಿ, ನೀವೂ ಅದೇ ದಾರೀಲಿ ಐವತ್ತು ವರ್ಷ ಮೀನು ಹೊತ್ತಿದ್ದೀರಿ," ಎಂದೆ. "ಸೋಮವಾರ ಇವಳು ಹೋಗದಿದ್ರೆ ಆ ದಾರಿ ಹೋಯ್ತು."

"ದಾರಿ ಹೋದ್ರೆ ಹೋಗಲಿ, ಸೊಸೆ ಉಳೀಲಿ," ಎಂದಳು ಮುದುಕಿ.

ಮೈ ಉರಿದುಹೋಯಿತು. ದಾರಿ ಹೋದರೆ ಹೋಗಲಿ ಎನ್ನುವಷ್ಟು ಚಿಕ್ಕದಲ್ಲ ಅದು. ರಸ್ತೆಯಿಂದ ನೀರಿಗೆ ಇಳಿಯಲು ನಮ್ಮ ನ್ಯಾಲೂರಾ ಊರಿನ ಜನಕ್ಕೆ ಇರುವುದು ಅದೊಂದೇ. ನಲವತ್ತು ಹೆಂಗಸರು ಅದರಲ್ಲೇ ಇಳಿದು ದೋಣಿಯಿಂದ ಒಮೆನಾ ಕೊಂಡು, ದಡದ ಬಲೆಗಳ ಮೇಲೆ ಹರಡಿ ಒಣಗಿಸಿ ಮಾರುತ್ತಾರೆ. ಬೆರಳಿನಷ್ಟೂ ಇಲ್ಲದ ಬೆಳ್ಳಿ ಮೀನು, ಊರಿನ ಅರ್ಧ ಒಲೆ ಅದರಿಂದ ಉರಿಯುತ್ತದೆ. ಪಕ್ಕದ ಜಮೀನಿನ ಒಡೆಯ ಮಾಗಾಕ್ ಆರು ತಿಂಗಳ ಹಿಂದೆ ಆ ದಾರಿಗೆ ಕಬ್ಬಿಣದ ಗೇಟು ಹಾಕಿಸಿದ. ಬೆಳಿಗ್ಗೆ ಎರಡು ಗಂಟೆ ಹೊತ್ತು ತೆಗೆಯುತ್ತಾನೆ, ಆಮೇಲೆ ಬೀಗ. ದಡದ ಮೀನುಗಾರರ ಸಂಘಕ್ಕೆ ಅಧ್ಯಕ್ಷನಾಗಿದ್ದ ಒಬುಯಾ ತನ್ನ ಹೆಸರಲ್ಲಿ ಕೇಸು ಹಾಕಿದ್ದ. ಸೋಮವಾರ ಅವನ ಜಾಗದಲ್ಲಿ ಯಾರೂ ನಿಲ್ಲದಿದ್ದರೆ ಕೇಸು ಬಿದ್ದುಹೋಗುತ್ತದೆ ಎಂದು ವಕೀಲರು ಸ್ಪಷ್ಟವಾಗಿ ಹೇಳಿದ್ದರು.

"ಹಣ್ಣು ಇವತ್ತೇ ಹೂಳಬೇಕು ಅಂತ ಹಟ ಹಿಡಿದಿದ್ದು ಯಾರು?"

"ಭಾವ," ಎಂದಳು ಅಕುಮು. "ಹಿರಿಯರ ಕಾಲು ಹಿಡಿದು ಒಪ್ಪಿಸಿದ್ರು. ತಮ್ಮನ ಆತ್ಮ ನನ್ನ ಕನಸಲ್ಲಿ ಬಂದು ಅಳ್ತಿದೆ ಅಂದ್ರು."

ನಾನು ಅವಳ ಕಿವಿಯ ಹತ್ತಿರ ಬಗ್ಗಿದೆ. "ನಿನ್ನ ಭಾವ ಮಣ್ಣು ಹಾಕಲಿಲ್ಲ. ನಾನು ನೋಡಿದೆ."

ಅಕುಮು ನನ್ನ ಮುಂಗೈ ಹಿಡಿದಳು. ಅದರ ಅರ್ಥ ಅವಳಿಗೂ ಗೊತ್ತಿತ್ತು. ನಮ್ಮವರಲ್ಲಿ ಸತ್ತವನಿಗೆ ಹಿಡಿ ಮಣ್ಣು ಹಾಕದ ಅಣ್ಣನಿಲ್ಲ, ಎಷ್ಟೇ ಜಗಳವಿರಲಿ. ಆದರೆ ಬದುಕಿರುವವನ ಹೆಸರಿಗೆ ಮಣ್ಣು ಹಾಕುವುದೆಂದರೆ ಅವನ ಸಾವನ್ನು ಕೈಯಾರೆ ಕರೆದಂತೆ. ಅದಕ್ಕೆ ಎಂಥ ಕಲ್ಲೆದೆಯವನ ಕೈಯೂ ಏಳುವುದಿಲ್ಲ.

ಒಬುಯಾ ಬದುಕಿದ್ದಾನೆ. ಒಸೇವೆಗೆ ಅದು ಗೊತ್ತು.

"ಅವರು ಎಲ್ಲಿ?" ಎಂದಳು ಅಕುಮು.

"ಕೇಳಿಕೊಂಡು ಬರ್ತೀನಿ."

* * *

ಒಸೇವೆ ಮನೆಯಲ್ಲಿರಲಿಲ್ಲ. ಸಾವಿನ ಊಟವನ್ನೂ ಮುಗಿಸದೆ ಎಲ್ಲಿಗೆ ಹೋದ ಎಂದು ಅಡುಗೆಯವರನ್ನು ಕೇಳಿದರೆ, ಮಾಗಾಕನ ಬಂಗಲೆಯ ಕಡೆಗೆ ಬೆರಳು ತೋರಿಸಿದರು.

ಹೋಗಿ ನೋಡಿದೆ. ಜಗಲಿಯಲ್ಲಿ ಬೆತ್ತದ ಕುರ್ಚಿ, ಕುರ್ಚಿಯಲ್ಲಿ ಒಸೇವೆ, ಕೈಯಲ್ಲಿ ಹಾಲು ಹಾಕಿದ ಚಹಾ. ಮೇಜಿನ ಮೇಲೆ ಟೈಪು ಮಾಡಿದ ಒಂದು ಹಾಳೆ, ಪಕ್ಕದಲ್ಲಿ ಪೆನ್ನು. ಎದುರಿಗೆ ಮಾಗಾಕ್, ಅರವತ್ತು ದಾಟಿದರೂ ಗಟ್ಟಿ ಆಳು, ರಾಜಧಾನಿಯಲ್ಲಿ ದೊಡ್ಡ ಹುದ್ದೆ ಮುಗಿಸಿ ಬಂದವನು.

ಆ ಚಹಾ ಕಂಡದ್ದೇ ನನ್ನ ತಲೆ ಕೆಟ್ಟಿತು. ತಮ್ಮನ ಹೆಸರಿನ ಗುಂಡಿ ಇನ್ನೂ ಹಸಿಯಾಗಿದೆ, ಇವನು ಇಲ್ಲಿ ಸಕ್ಕರೆ ಕಲಕುತ್ತಿದ್ದಾನೆ!

"ಬನ್ನಿ ಸರ್ವೇಯರಮ್ಮ," ಎಂದ ಮಾಗಾಕ್. "ಟೇಪು ತಂದಿಲ್ವಾ? ನನ್ನ ಜಮೀನು ಅಳೀದೆ ಎಷ್ಟು ದಿನ ಆಯ್ತು ನೀವು? ಕೆಲಸ ಹೋದ ಮೇಲೆ ಕೈ ಕಡೀತಿರಬೇಕು."

"ನಾನು ಅಳೆದಿದ್ದ ಗೆರೆ ಸರಿಯಾಗೇ ಇತ್ತು, ದೊಡ್ಡೋರೇ. ನಕ್ಷೆ ಕಚೇರಿಗೆ ಹೋಗೋ ದಾರೀಲಿ ಅದಕ್ಕೆ ಕಾಲು ಬಂತು."

ಅವನು ನಕ್ಕ. "ಪತ್ರ ಓದೋಕೆ ಬರುತ್ತಲ್ಲ ನಿಮಗೆ? ಲೋಲ್ವೆ ಸರೋವರದ ನೀರಿನ ಅಂಚಿನವರೆಗೆ ಅಂತ ಬರೆದಿದೆ. ಜಮೀನು ನಂದು. ಗೇಟು ನಂದು. ಬೀಗದ ಕೈಯೂ ನಂದು."

"ಯಾವ ಅಂಚು? ಇವತ್ತು ನೀರು ಇಳಿದಿರೋ ಜಾಗದ ಅಂಚಾ? ನೀರು ಅತಿ ಮೇಲೆ ಬಂದಿದ್ದು ಎಲ್ಲಿವರೆಗೆ ಅನ್ನೋದನ್ನ ಹಿಡಿದು ಅಳೀಬೇಕು. ಆ ಪ್ರವಾಹದ ವರ್ಷ ನೀವು ಕೂತಿರೋ ಈ ಜಗಲಿ ಜಾಗದಲ್ಲಿ ಒಬುಯಾ ದೋಣಿ ಕಟ್ಟಿದ್ದ."

"ಆ ವರ್ಷದ ಮಾತು ನನಗೆ ಹೇಳಬೇಡಿ!" ಮಾಗಾಕನ ನಗು ಹೋಯಿತು. "ಆ ವರ್ಷ ನಮ್ಮಪ್ಪ ಕಟ್ಟಿದ್ದ ಮನೇನ ಇದೇ ನೀರು ನುಂಗ್ತು. ಸಮಾಧಿ ಸಮೇತ. ಆಗ ಎಲ್ಲಿತ್ತು ನಿಮ್ಮ ಕಾನೂನು? ಯಾವ ಅಧಿಕಾರಿ ಬಂದು ನೀರಿಗೆ ನೋಟಿಸು ಕೊಟ್ಟ? ಇನ್ನೊಂದ್ಸಲ ನನ್ನ ಅಪ್ಪನ ಎಲುಬು ತೇಲೋದನ್ನ ನೋಡಲ್ಲ ಅಂತ ಗೋಡೆ ಕಟ್ಟಿದೆ. ಕಟ್ಟಿದ್ದು ತಪ್ಪಾ?"

ಅವನು ಸುಳ್ಳು ಹೇಳುತ್ತಿರಲಿಲ್ಲ. ಆ ಪ್ರವಾಹದಲ್ಲಿ ಯಾರ ಮನೆಯೂ ಪೂರ್ತಿ ಉಳಿದಿರಲಿಲ್ಲ. ಆದರೆ ಹೊಟ್ಟೆಯೊಳಗಿನ ಬೆಂಕಿ ಇಂಥ ಮಾತಿಗೆ ಆರುವಂಥದ್ದಲ್ಲ.

"ಮನೆ ಹಿಂದಕ್ಕೆ ಕಟ್ಟಬೇಕಿತ್ತು. ನೀರಿನ ಪಕ್ಕ ಜಮೀನಿರೋರಿಗೆ ಹಕ್ಕಿದೆ, ಇಲ್ಲ ಅನ್ನಲ್ಲ. ಮನೆಗೆ ಬೇಕಾದ ನೀರು ಎತ್ತಿ, ದೋಣಿ ಕಟ್ಟಿ, ಸಂಜೆ ಕೂತು ಗಾಳಿ ತಗೊಳ್ಳಿ. ಆದ್ರೆ ದಡದ ಪಟ್ಟಿ ಎಲ್ಲರದ್ದು. ಅಲ್ಲಿ ಕಟ್ಟೋ ಹಾಗಿಲ್ಲ, ಮಣ್ಣು ತುಂಬೋ ಹಾಗಿಲ್ಲ, ಜನ ಓಡಾಡೋ ದಾರಿ ಮುಚ್ಚೋ ಹಾಗಿಲ್ಲ. ಜೊಂಡೆಲ್ಲ ಕಿತ್ತು ಹಾಕಿದ್ರಿ, ದಡ ಹಿಡಿದಿದ್ದೇ ಅದು. ಗೋಡೇನ ನೀರೊಳಗೆ ಇಪ್ಪತ್ತು ಹೆಜ್ಜೆ ಇಳಿಸಿದ್ರಿ. ಈಗ ನಿಮ್ಮ ಗೋಡೆಗೆ ಬಡಿದ ಅಲೆ ತಿರುಗಿ ಒಬುಯಾನ ಹಿತ್ತಲು ತಿನ್ತಿದೆ. ಹನ್ನೊಂದು ಮಾರು ಹೋಗಿದೆ, ನಾನೇ ಅಳೆದೆ. ನಿಮ್ಮ ಮನೆ ಉಳಿಸೋಕೆ ಪಕ್ಕದವನ ನೆಲ ನೀರಿಗೆ ಹಾಕೋದು ಯಾವ ಪತ್ರದಲ್ಲಿ ಬರೆದಿದೆ?"

"ಸೋಮವಾರ ಜಡ್ಜಿಗೆ ಹೇಳಿ," ಎಂದ ಮಾಗಾಕ್, ಹಾಳೆಯನ್ನು ಒಸೇವೆಯ ಕಡೆ ತಳ್ಳುತ್ತ. "ಹೇಳೋಕೆ ಯಾರಾದ್ರೂ ಬಂದ್ರೆ. ಅಣ್ಣ ಕೇಸು ವಾಪಸ್ ತಗೊಳ್ತಾನೆ, ವಿಧವೆ ಮನೇಲಿರ್ತಾಳೆ. ಅಲ್ವಾ ಒಸೇವೆ?"

ಒಸೇವೆ ತಲೆ ಎತ್ತಲಿಲ್ಲ. "ಚಹಾ ಮುಗೀಲಿ, ದೊಡ್ಡೋರೇ. ಆಮೇಲೆ ಸಹಿ ಹಾಕ್ತೀನಿ."

ಅಷ್ಟೇ. ನನಗೆ ತಡೆಯಲಾಗಲಿಲ್ಲ. ಮೂರು ಹೆಜ್ಜೆಯಲ್ಲಿ ಹೋಗಿ ಅವನ ಕೋಟಿನ ಜೇಬಿಗೆ ಕೈ ಹಾಕಿದೆ. ಬೆರಳಿಗೆ ಹಸಿ ಮಣ್ಣು ಸಿಕ್ಕಿತು. ತೆಗೆದು ಮೇಜಿನ ಮೇಲೆ ಸುರಿದೆ, ಆ ಹಾಳೆಯ ಮೇಲೇ.

"ಇದೇನು ಒಸೇವೆ? ಗುಂಡಿಗೆ ಬೀಳಬೇಕಾಗಿದ್ದು ಜೇಬಲ್ಲಿ ಯಾಕಿದೆ?"

"ಉಯೋಮಾ ಮಗಳೇ," ಎಂದ ಅವನು ನನ್ನ ತವರೂರಿನ ಹೆಸರು ಹಿಡಿದು, ಹಲ್ಲು ಕಚ್ಚಿ, "ಮನೆಗೆ ಹೋಗು."

"ಹೋಗಲ್ಲ! ತಮ್ಮನ ಮೇಲೆ ಮಣ್ಣು ಹಾಕೋಕೆ ಕೈ ಬರಲಿಲ್ಲ, ತಮ್ಮನ್ನ ಮಾರೋಕೆ ಬಂತಾ? ಅಲ್ಲಿ ಅವಳು ತಲೆ ಬೋಳಿಸಿಕೊಂಡು ಕೂತಿದ್ದಾಳೆ!"

"ಬಾಯಿ ಮುಚ್ಚು ಅಂದೆ!"

"ನೀನು ಬಾಯಿ ಬಿಡು! ಒಬುಯಾ ಬದುಕಿದ್ದಾನೆ. ನೀವಿಬ್ರೂ ಸೇರಿ ಅವನನ್ನ ಎಲ್ಲಿ ಕೂಡಿ ಹಾಕಿದ್ದೀರಿ?"

ಒಸೇವೆಯ ಕೈಯಲ್ಲಿದ್ದ ಬಟ್ಟಲು ಓರೆಯಾಗಿ ಚಹಾ ಅವನ ತೊಡೆಯ ಮೇಲೆ ಸುರಿಯಿತು. ಬಿಸಿಯಿತ್ತು, ಆದರೂ ಅವನು ಅಲುಗಲಿಲ್ಲ. ಅವನ ಕಣ್ಣಲ್ಲಿದ್ದದ್ದು ಸಿಕ್ಕಿಬಿದ್ದವನ ಭಯವಲ್ಲ. ಅವನು ನನ್ನನ್ನು, ಮನೆಗೆ ಬೆಂಕಿ ಇಟ್ಟವಳನ್ನು ನೋಡುವಂತೆ ನೋಡಿದ.

ಮಾಗಾಕ್ ಮೇಜಿನ ಮೇಲಿನ ಮಣ್ಣನ್ನೇ ನೋಡುತ್ತಿದ್ದ. ಅವನೂ ನಮ್ಮವನೇ, ರಾಜಧಾನಿಯಲ್ಲಿ ಎಷ್ಟು ವರ್ಷವಿದ್ದರೇನು. ಆ ಮಣ್ಣಿನ ಅರ್ಥ ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಬದುಕಿದ್ದಾನಾ?" ಎಂದ ಮೆಲ್ಲಗೆ.

ಆ ಪ್ರಶ್ನೆ ನಿಜವಾದದ್ದು. ಅವನಿಗೆ ಗೊತ್ತಿರಲಿಲ್ಲ. ಈ ಗಳಿಗೆಯವರೆಗೆ ಗೊತ್ತಿರಲಿಲ್ಲ. ನಾನು ಬಂದು ಹೇಳಿದ್ದೆ.

ಮಾಗಾಕ್ ಎದ್ದು ನಿಂತ. "ಎಂಜಿನ್ ದೋಣಿ ತೆಗೀರಿ," ಎಂದು ತೋಟದ ಕಡೆ ಕೂಗಿದ. ನಂತರ ಕಾವಲಿನವರಿಗೆ ಹೇಳಿದ, "ಇವರಿಬ್ಬರನ್ನ ರಸ್ತೆಗೆ ಬಿಟ್ಟು ಬನ್ನಿ. ದಾರಿಯ ಗೇಟಿಗೆ ಬೀಗ ಹಾಕಿ. ಇವತ್ತು ಯಾರೂ ನೀರಿಗೆ ಇಳಿಯೋದು ಬೇಡ."

ಹೋಗುವ ಮುಂಚೆ ನನ್ನ ಕಡೆ ತಿರುಗಿದ. "ದೊಡ್ಡ ಉಪಕಾರ ಮಾಡಿದ್ರಿ, ಸರ್ವೇಯರಮ್ಮ."

* * *

ಕಾವಲಿನವರು ನಮ್ಮನ್ನು ರಸ್ತೆಗೆ ದಬ್ಬಿ ಹೋದರು. ಒಸೇವೆ ಧೂಳಿನಲ್ಲಿ ಕುಕ್ಕರಗಾಲಲ್ಲಿ ಕೂತ.

"ಏನು ಮಾಡಿದೆ ನೀನು," ಎಂದ. "ಏನು ಮಾಡಿಬಿಟ್ಟೆ."

"ಹೇಳು ಮೊದಲು."

"ಮಾಗಾಕನ ಆಳುಗಳು ಆ ದಿನ ಎಂಜಿನ್ ದೋಣಿಯಿಂದ ಗುದ್ದಿ ಒಬುಯಾನ ದೋಣಿ ಮಗುಚಿ ಹಾಕಿದ್ರು. ಮುಳುಗಿದ ಅಂತ ತಿಳ್ಕೊಂಡು ಹೋದ್ರು. ಒಬುಯಾ ಹೇಗೋ ಈಜಿ ಒಂದು ದ್ವೀಪದ ದಡ ಸೇರ್ದ. ಮೂರನೇ ದಿನ ನನಗೆ ಹೇಳಿ ಕಳಿಸಿದ. ಸತ್ತಿದ್ದೀನಿ ಅಂತಲೇ ನಂಬಲಿ, ಹಣ್ಣು ಹೂಳು, ನೀನು ಅವನ ಜೊತೆ ಸೇರಿದ ಹಾಗೆ ನಾಟಕ ಆಡು, ಸಹಿ ಸೋಮವಾರದವರೆಗೆ ಎಳೆ ಅಂದ. ಸೋಮವಾರ ಜಡ್ಜಿನ ಮುಂದೆ ನಾನೇ ನಡಕೊಂಡು ಬಂದು ನಿಲ್ತೀನಿ ಅಂದ. ಎಲ್ಲಾ ಮಾಡಿದೆ. ಮಣ್ಣೊಂದು ಹಾಕೋಕೆ ಆಗಲಿಲ್ಲ ನನ್ನ ಕೈಯಲ್ಲಿ."

"ಠಾಣೆಗೆ ಯಾಕೆ ಹೋಗಲಿಲ್ಲ?"

"ಠಾಣೆಯೋರು ಭಾನುವಾರ ಊಟ ಮಾಡೋದು ಯಾರ ಮನೇಲಿ ಅಂತ ಗೊತ್ತಿಲ್ವಾ ನಿನಗೆ?"

"ಫೋನು ಮಾಡು ಅವನಿಗೆ. ಓಡು ಅನ್ನು."

"ಫೋನು ನೀರಿಗೆ ಹೋಯ್ತು. ಎಲ್ಲಿಗೆ ಓಡ್ತಾನೆ? ಸುತ್ತ ನೀರು."

ನನ್ನ ಕೋಪಕ್ಕೆ ಈಗ ಬೇರೆ ಯಾರೂ ಸಿಗಲಿಲ್ಲ, ಅದು ನನ್ನ ಮೇಲೇ ತಿರುಗಿತು. ಹದಿನಾಲ್ಕು ವರ್ಷ ಕೈ ನೋಡುವುದು ಕಲಿತೆ. ನನ್ನ ಬಾಯಿಗೆ ಬೀಗ ಹಾಕುವುದನ್ನು ಒಂದು ದಿನವಾದರೂ ಕಲಿತೆನಾ?

"ಭಾವ."

ಇಬ್ಬರೂ ತಿರುಗಿದೆವು. ಅಕುಮು ಎಲ್ಲವನ್ನೂ ಕೇಳಿಸಿಕೊಂಡು ನಿಂತಿದ್ದಳು. ಬೋಳು ತಲೆ, ಶೋಕದ ಬಟ್ಟೆ, ಕೈಯಲ್ಲಿ ಸೌದೆ ಒಡೆಯುವ ಕೊಡಲಿ. ಬೇಲಿ ದಾಟಿ ಬಂದಿದ್ದಳು. ಹಿಂದೆ ಹತ್ತಿಪ್ಪತ್ತು ಹೆಂಗಸರು ಅವಳನ್ನು ಮುಟ್ಟಲು ಹೆದರಿ ದೂರ ದೂರ ನಿಂತಿದ್ದರು.

"ನನಗೆ ಯಾಕೆ ಹೇಳಲಿಲ್ಲ?" ಎಂದಳು.

"ಅವನೇ ಬೇಡ ಅಂದ, ತಾಯಿ. ನಿನ್ನ ಮುಖದಲ್ಲಿ ಏನೂ ಅಡಗಲ್ಲ ಅಂದ. ಮೈಲಿಗೆಯಲ್ಲಿ ಮನೆಯೊಳಗಿದ್ರೆ ಯಾರೂ ನಿನ್ನ ತಂಟೆಗೆ ಬರಲ್ಲ, ಕ್ಷೇಮವಾಗಿರ್ತೀಯ ಅಂದ."

"ಕ್ಷೇಮವಾಗಿ!" ಅಕುಮು ಉಗಿದಳು. "ಎರಡು ಕೈ ತುಂಬ ಮಣ್ಣು ಹಾಕಿದೆ ನಾನು. ಬದುಕಿರೋ ಗಂಡನ ಮೇಲೆ. ಹಾಕಿಸಿದ್ರಿ ನೀವಿಬ್ಬರೂ ಸೇರಿ. ನನ್ನನ್ನ ಒಂದು ಮಾತು ಕೇಳಲಿಲ್ಲ."

ಗೋಡೆಯ ಆಚೆ ಎಂಜಿನ್ ಗುರ್ ಎಂದು ಹೊತ್ತಿಕೊಂಡಿತು.

ಅಕುಮು ಗೇಟಿಗೆ ಹೋದಳು. "ಮಾಗಾಕ್ ಸಾಹೇಬ್ರು ಬೈತಾರಮ್ಮ," ಎಂದು ಒಳಗಿದ್ದ ಕಾವಲಿನವನು ಅಡ್ಡ ಬಂದ. ಅವಳ ಬೋಳು ತಲೆ ಕಂಡು ಒಂದು ಹೆಜ್ಜೆ ಹಿಂದೆ ಸರಿದ. ಹಸಿ ವಿಧವೆಯನ್ನು ಮೈ ಮುಟ್ಟಿ ತಡೆಯುವ ಧೈರ್ಯ ಅವನಿಗೂ ಇರಲಿಲ್ಲ.

"ನಮ್ಮತ್ತೆಯ ಅತ್ತೆ ನಡೆದ ದಾರಿ ಇದು," ಎಂದಳು ಅಕುಮು. ಕೊಡಲಿ ತಿರುಗಿಸಿ ಬೀಗಕ್ಕೆ ಹೊಡೆದಳು. ನಾಲ್ಕನೇ ಏಟಿಗೆ ಕೊಂಡಿ ಕಿತ್ತು ಬಂತು.

ದಡದಲ್ಲಿ ಎಳೆದಿಟ್ಟಿದ್ದ ಮೊದಲ ದೋಣಿಯನ್ನೇ ನೀರಿಗೆ ತಳ್ಳಿದೆವು. ಮೀನಿನ ದೋಣಿಗೆ ಹೆಂಗಸು ಕಾಲಿಟ್ಟರೆ ಕೇಡು ಎನ್ನುವ ಊರು ನಮ್ಮದು. ಅವತ್ತು ಇಬ್ಬರು ಹೆಂಗಸರು ಹತ್ತಿದೆವು, ಅದರಲ್ಲೊಬ್ಬಳು ಮೈಲಿಗೆಯವಳು, ದಡದಲ್ಲಿದ್ದ ಯಾವ ಗಂಡಸೂ ತಡೆಯಲಿಲ್ಲ. ಒಸೇವೆ ಹಿಂದಿನ ಹುಟ್ಟು ಹಿಡಿದ, ಮುಂದಿನದು ನನ್ನ ಕೈಗೆ ಬಂತು.

ಮಾಗಾಕನ ದೋಣಿ ಆಗಲೇ ಗೋಡೆಯ ತುದಿ ದಾಟಿತ್ತು. ಅದು ಅತ್ತಿತ್ತ ಹುಡುಕಲಿಲ್ಲ. ಮೂಗು ತಿರುಗಿಸಿ ನೇರವಾಗಿ ಹೊರಟಿತು.

"ಮಿಸಾರೆ ದ್ವೀಪಕ್ಕೇ ಹೋಗ್ತಿದ್ದಾನೆ!" ಒಸೇವೆ ಕೂಗಿದ. "ಒಬುಯಾ ಇರೋದು ಅಲ್ಲೇ. ನಾನು ಯಾರಿಗೂ ಹೇಳಿಲ್ಲ, ನಮ್ಮವ್ವನಾಣೆ. ಅವನಿಗೆ ಹೇಗೆ ಗೊತ್ತಾಯ್ತು?"

ನಾನು ಹುಟ್ಟು ಹಾಕುತ್ತಲೇ ಅಕುಮುವಿನ ಕಡೆ ನೋಡಿದೆ. ಅವಳು ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ನಾನು ಹೇಳಿದೆ," ಎಂದಳು.

"ಏನು?"

"ಬೆಳಿಗ್ಗೆ ಮಾಗಾಕ್ ಕಡೆಯವನು ಸಾಂತ್ವನ ಹೇಳೋಕೆ ಬಂದಿದ್ದ. ಏನು ಸಹಾಯ ಬೇಕು ಅಂದ. ಮಿಸಾರೆಯಲ್ಲಿ ನಮ್ಮನೆಯವರದೊಂದು ಗುಡಿಸಲಿದೆ, ಅಲ್ಲಿ ಅವರ ಹಳೇ ಬಲೆ ಇದೆ, ಗುಂಡಿಗೆ ಹಾಕ್ಬೇಕು, ತರಿಸಿ ಕೊಡಿ ಅಂದೆ. ಆಯ್ತು ಅಂದು ಹೋದೋನು ತರಲೇ ಇಲ್ಲ. ಸತ್ತವನ ಬಲೆ ಯಾರಿಗೆ ಬೇಕಿತ್ತು ಆಗ." ಅವಳು ಉಸಿರು ಎಳೆದುಕೊಂಡಳು. "ಬದುಕಿದ್ರೆ ಎಲ್ಲಿರ್ತಾನೆ ಅಂತ ಮಾಗಾಕ್ ಈಗ ಲೆಕ್ಕ ಹಾಕಿದಾನೆ."

ಒಸೇವೆ ಹುಟ್ಟನ್ನು ಇನ್ನೂ ಆಳಕ್ಕೆ ಅದ್ದಿ ಎಳೆದ.

"ಜೋರಾಗಿ ಹಾಕು ಅಜ್ವಾಂಗ್," ಎಂದಳು ಅಕುಮು. ಕಣ್ಣು ಒಣಗಿತ್ತು. "ಮೊದಲು ಅವರನ್ನ ಉಳಿಸೋಣ. ಆಮೇಲೆ ನಾನೇ ಕೊಲ್ತೀನಿ."

ಅವರದಕ್ಕೆ ಎಂಜಿನ್ ಇತ್ತು, ನಮ್ಮದಕ್ಕೆ ಎರಡು ಹುಟ್ಟು. ಎದುರುಗಾಳಿ ಬೇರೆ. ನನ್ನ ಅಂಗೈ ಸುಲಿದು ಹುಟ್ಟಿನ ಹಿಡಿ ಒದ್ದೆಯಾಗತೊಡಗಿತು. ಒಸೇವೆ ಹಿಂದಿನಿಂದ ಕೂಗುತ್ತಿದ್ದ, ಎಳಿ, ಎಳಿ, ಎಳಿ. ಮಿಸಾರೆಯ ಬಂಡೆಗಳು ಇನ್ನೂ ದೂರದಲ್ಲಿ ಕಪ್ಪಗೆ ಕಾಣುತ್ತಿದ್ದವು. ನಾವು ಅರ್ಧ ದಾರಿಯೂ ಹೋಗಿರಲಿಲ್ಲ.

ಆಗ ಮುಂದೆ, ಆ ಬಂಡೆಗಳ ಬುಡದಲ್ಲಿ, ಎಂಜಿನ್ನಿನ ಸದ್ದು ನಿಂತಿತು.